ಒಲೆ ತೆಗೆದೆವು, ಆಮೇಲೆ ಏಳು ತಿಂಗಳು ಬಿಸಿನೀರಿಗೆ ಪಾಡು ಪಟ್ಟೆವು

ಗೃಹಪ್ರವೇಶದ ದಿನ ಅಜ್ಜಿ ಇಡೀ ಮನೆ ಒಂದು ಸುತ್ತು ಹಾಕಿ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲಾ ಚೆನ್ನಾಗಿದೆ. ಬೆಂಕಿ ಎಲ್ಲಿ?"

ನಾವು ನಕ್ಕೆವು. ತಮ್ಮ "ಬೆಂಕಿ ಎಂತಕ್ಕೆ ಅಜ್ಜಿ, ಸ್ವಿಚ್ ಹಾಕಿದ್ರೆ ಬಿಸಿನೀರು" ಅಂದ. ಆ ಪ್ರಶ್ನೆಯಲ್ಲಿ ಎಷ್ಟು ಅರ್ಥ ಇತ್ತು ಅಂತ ನಮಗೆ ಗೊತ್ತಾಗುವಾಗ ಜುಲೈ ಬಂದಿತ್ತು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ, ಆಗುಂಬೆ ಕಡೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7 ಸಾವಿರ ಮಿಲಿಮೀಟರ್ ದಾಟುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ಅನ್ನೋದು ನೆಂಟರ ಹಾಗೆ, ಬಂದರೆ ಬಂತು. ಹಳೇ ಮನೆ ಪಾಲಾದ ಮೇಲೆ ಅಮ್ಮ, ಅಜ್ಜಿ, ತಮ್ಮ ಮೂವರಿಗೆ ಅಂತ 720 ಚದರಡಿಯ ಒಂದು ಪುಟ್ಟ ಮನೆ ಕಟ್ಟಿಸಿದೆವು. ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು, ಬಚ್ಚಲ ಮೇಲೆ ಮಾತ್ರ ಸಣ್ಣ ಆರ್‌ಸಿಸಿ ಸ್ಲಾಬು, ಅದರ ಮೇಲೆ ನೀರಿನ ಟ್ಯಾಂಕ್. ನಾನು ಇರೋದು ಶಿವಮೊಗ್ಗದಲ್ಲಿ, ಶನಿವಾರ ಭಾನುವಾರ ಊರಿಗೆ ಓಡಾಟ. ಹಾಗಾಗಿ ಈ ಬಿಸಿನೀರಿನ ಉಸಾಬರಿ ನನ್ನ ತಲೆಗೇ ಬಂತು.

ಬಚ್ಚಲ ಒಲೆ ಬೇಡ ಅಂತ ತೀರ್ಮಾನಿಸಿದ್ದು ಅಮ್ಮನ ಕೆಮ್ಮಿನಿಂದ. ನಲವತ್ತು ವರ್ಷ ಹೊಗೆ ಕುಡಿದಿದ್ದಾಳೆ. ಡಾಕ್ಟರು "ಹೊಗೆ ಕಡೆ ಹೋಗಲೇ ಬೇಡಿ" ಅಂದರು. ಸರಿ, ಹೊಸ ಮನೆಯಲ್ಲಿ ಒಲೆಯೇ ಇಲ್ಲ, ಅಂಗಡಿಯಿಂದ ಏನಾದರೂ ತಂದರಾಯ್ತು ಅಂದುಕೊಂಡೆವು. ಯಾವುದು ತರಬೇಕು ಅಂತ ಮಾತ್ರ ಮನೆ ಮುಗಿಯೋವರೆಗೂ ಯೋಚಿಸಲೇ ಇಲ್ಲ. ಇದು ಮೊದಲ ತಪ್ಪು. ನೀವು ಕಟ್ಟುತ್ತಿದ್ದರೆ ಪ್ಲಂಬಿಂಗ್ ಪೈಪು, ಬಚ್ಚಲಿಗೆ ದಪ್ಪ ವೈರು, ಟ್ಯಾಂಕಿನ ಎತ್ತರ ಈ ಮೂರನ್ನು ಗೋಡೆ ಗಿಲಾವಿಗೆ ಮುಂಚೆಯೇ ನಿರ್ಧಾರ ಮಾಡಿಕೊಳ್ಳಿ. ಆಮೇಲೆ ಗೋಡೆ ಕೊರೆಸೋ ಸಂಕಟ ಬೇಡ.

ಮೊದಲು ನೋಡಿದ್ದು ಸೋಲಾರ್. ಎಲ್ಲರೂ ಅದನ್ನೇ ಹೇಳುತ್ತಾರೆ, ಅಲ್ವಾ? ಒಂದು ಸಲ ಹಾಕಿಸಿದರೆ ಬಿಟ್ಟಿ ಬಿಸಿನೀರು. ಶಿವಮೊಗ್ಗದಲ್ಲಿ ನಾವಿರೋ ಬಾಡಿಗೆ ಮನೆಯಲ್ಲಿ ಅದೇ ಇದೆ, ಚೆನ್ನಾಗಿಯೇ ನಡೆಯುತ್ತಿದೆ. ಒಂದು ಅಂಗಡಿಯಲ್ಲಿ ಕೇಳಿದಾಗ "ಈಗ ಸಬ್ಸಿಡಿನೂ ಇದೆ ಮೇಡಂ, ದಾಖಲೆ ತನ್ನಿ" ಅಂದರು. ಅಮ್ಮನ ಆಧಾರ್, ಕರೆಂಟ್ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕು, ಮನೆಯ ಇ-ಸ್ವತ್ತು ನಮೂನೆ ಎಲ್ಲಾ ಜೆರಾಕ್ಸ್ ಮಾಡಿಸಿ ಒಂದು ದಿನ ರಜೆ ಹಾಕಿ ಹೋದೆ. ಅಲ್ಲಿ ಕೂತು ಅರ್ಧ ಗಂಟೆ ಆದ ಮೇಲೆ ಗೊತ್ತಾಯ್ತು, ಆ ಸಬ್ಸಿಡಿ ನೀರು ಕಾಯಿಸೋ ಸೋಲಾರಿಗೆ ಅಲ್ಲವೇ ಅಲ್ಲ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯದು ಅದು. ಕರೆಂಟ್ ತಯಾರಿಸೋ ಪ್ಯಾನೆಲ್‌ಗೆ ಮಾತ್ರ. 1 ಕಿಲೋವಾಟ್‌ಗೆ 30 ಸಾವಿರ, 3 ಕಿಲೋವಾಟ್ ಮತ್ತು ಮೇಲಕ್ಕೆ 78 ಸಾವಿರದ ತನಕ. ನೀರಿನ ಸೋಲಾರಿಗೆ ಕೇಂದ್ರದಿಂದ ಸಿಗುತ್ತಿದ್ದ ಸಬ್ಸಿಡಿ 2014ರಲ್ಲೇ ನಿಂತಿದೆ. ಅಂಗಡಿಯವರಿಗೂ ಇದು ಗೊತ್ತಿರಲಿಲ್ವೋ, ನನ್ನನ್ನು ಅಂಗಡಿಗೆ ಕರೆಸೋಕೆ ಹೇಳಿದ್ರೋ, ದೇವರಿಗೇ ಗೊತ್ತು. ಎರಡನ್ನೂ ಜನ ಸೋಲಾರ್ ಅಂತಲೇ ಕರೆಯೋದರಿಂದ ಗೊಂದಲ ಆಗುತ್ತದೆ. ಫೋನಿನಲ್ಲೇ "ನೀರಿಂದಾ, ಕರೆಂಟಿಂದಾ" ಅಂತ ಕೇಳಿಬಿಡಿ.

ಸಬ್ಸಿಡಿ ಇಲ್ಲದಿದ್ದರೂ ಪರವಾಗಿಲ್ಲ ಅಂತ ಒಬ್ಬರನ್ನು ಮನೆ ನೋಡೋಕೆ ಕರೆಸಿದೆವು. ಪುಣ್ಯಾತ್ಮ, ವ್ಯಾಪಾರ ಕಳೆದುಕೊಂಡರೂ ನಿಜ ಹೇಳಿದ. ಸೋಲಾರ್ ಪ್ಲೇಟು ದಕ್ಷಿಣಕ್ಕೆ ಮುಖ ಮಾಡಬೇಕು. ನಮ್ಮ ಮನೆಗೆ ದಕ್ಷಿಣಕ್ಕೆ ಅಡಿಕೆ ತೋಟ, ಅದರ ಪಕ್ಕ ಒಂದು ದೊಡ್ಡ ಹಲಸಿನ ಮರ. ಬೆಳಿಗ್ಗೆ ಹತ್ತೂವರೆ ತನಕ ಸ್ಲಾಬಿನ ಮೇಲೆ ನೆರಳು. ಜೊತೆಗೆ ತಣ್ಣೀರಿನ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿ ಇರಬೇಕು, ಇಲ್ಲದಿದ್ದರೆ ನೀರು ತುಂಬೋದಿಲ್ಲ. ನಮ್ಮ ಸ್ಲಾಬು ಅಷ್ಟಗಲ, ಅದರ ಮೇಲೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಟ್ಯಾಂಕು, ಕೆಳಗೆ ಸೋಲಾರು. ಸರ್ಕಸ್ಸೇ.

ಆಮೇಲೆ ಮಂಗ. ಗಾಜಿನ ಕೊಳವೆಯ ಸೋಲಾರ್ ಅಗ್ಗ, ಆದರೆ ಮಂಗಗಳು ಅದರ ಮೇಲೆ ಹಾರಿದರೆ, ಕಾಯಿ ಎಸೆದರೆ ಕೊಳವೆ ಒಡೆಯುತ್ತದೆ. ಒಂದು ಕೊಳವೆ ಒಡೆದರೂ ನೀರೆಲ್ಲ ಸೋರಿ ಖಾಲಿ. ಪಕ್ಕದ ಊರಿನ ನಮ್ಮ ಅತ್ತೆ ಮನೆಯಲ್ಲಿ ಎರಡು ವರ್ಷದಲ್ಲಿ ಆರು ಕೊಳವೆ ಬದಲಿಸಿದ್ದಾರೆ. ತಾಮ್ರದ ಪೈಪಿನ ಚಪ್ಪಟೆ ಪ್ಲೇಟಿಗೆ ಗಟ್ಟಿ ಗಾಜು, ಅದು ತಡೆಯುತ್ತದೆ, ಆದರೆ ದುಡ್ಡು ಜಾಸ್ತಿ.

ಇಷ್ಟೆಲ್ಲ ಇದ್ದರೂ ನಾನು ಹಾಕಿಸೋ ಮನಸ್ಸಿನಲ್ಲೇ ಇದ್ದೆ. ಮಳೆಗಾಲಕ್ಕೆ ಸೋಲಾರ್ ಟ್ಯಾಂಕಿನ ಒಳಗೆ ಕರೆಂಟಿನ ಕಾಯಿಲ್ ಇದೆಯಲ್ಲ ಅಂತ. ತಮ್ಮ ಒಂದು ಲೆಕ್ಕ ಹಾಕಿದ. 100 ಲೀಟರ್ ನೀರನ್ನು 25 ಡಿಗ್ರಿ ಏರಿಸೋಕೆ ಸುಮಾರು 3 ಯೂನಿಟ್ ಬೇಕು. ಸೋಲಾರಿನ ಕಾಯಿಲ್ ಹಾಕಿದರೆ ಅಜ್ಜಿಗೊಬ್ಬಳಿಗೆ ಒಂದು ಬಕೆಟ್ ಬೇಕಿದ್ದರೂ ಇಡೀ ಟ್ಯಾಂಕನ್ನು ಕಾಯಿಸಬೇಕು, ಅದೂ ಮಳೆಗಾಳಿಯಲ್ಲಿ ನಿಂತಿರೋ ಟ್ಯಾಂಕನ್ನು. ಅಂದರೆ ನಮಗೆ ಬಿಸಿನೀರು ತೀರಾ ಬೇಕಾಗೋ ನಾಲ್ಕು ತಿಂಗಳಲ್ಲೇ ಇದು ದುಬಾರಿ ಗೀಸರ್ ಆಗುತ್ತದೆ. ಎಪ್ರಿಲ್‌ನಲ್ಲಿ ಬಿಟ್ಟಿ ಬಿಸಿನೀರು ಕೊಟ್ಟರೆ ಯಾರಿಗೆ ಬೇಕು ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಯಲುಸೀಮೆಯವರು ಇದನ್ನು ಓದಿ ಸೋಲಾರ್ ಬೇಡ ಅಂದುಕೊಳ್ಳಬೇಡಿ. ನಿಮ್ಮ ಲೆಕ್ಕ ಬೇರೆ. ನಿಮ್ಮಲ್ಲಿ ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಅದನ್ನು ಮಾತ್ರ ಕೇಳಿ ತಿಳಿದುಕೊಳ್ಳಿ.

ಎರಡನೇದು ಗ್ಯಾಸ್ ಗೀಸರ್. ಇದರ ಪರವಾಗಿ ಇದ್ದವಳು ಅಮ್ಮ, ಕಾರಣ ಕರೆಂಟ್ ಹೋದರೂ ನೀರು ಬರುತ್ತದೆ. ಎರಡು ದಪ್ಪ ಸೆಲ್ಲು ಹಾಕಿದರೆ ಕಿಡಿ ಹೊತ್ತಿಕೊಳ್ಳುತ್ತದೆ. ಖರ್ಚೂ ತೀರಾ ಜಾಸ್ತಿ ಅಲ್ಲ. 20 ಲೀಟರ್ ಬಕೆಟ್ಟಿಗೆ ಹೆಚ್ಚು ಕಡಿಮೆ 60 ಗ್ರಾಂ ಗ್ಯಾಸು ಹಿಡಿಯುತ್ತದೆ. 14.2 ಕೆಜಿಯ ಒಂದು ಸಿಲಿಂಡರಿಗೆ 230, 240 ಬಕೆಟ್. ಸಿಲಿಂಡರ್ ಸುಮಾರು 900 ರೂಪಾಯಿ ಅಂತ ಇಟ್ಟುಕೊಂಡರೆ ಬಕೆಟ್ಟಿಗೆ ನಾಲ್ಕು ರೂಪಾಯಿಯ ಒಳಗೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಕರೆಂಟ್ ಗೀಸರಿಗೂ ಹತ್ತಿರಹತ್ತಿರ ಅಷ್ಟೇ ಬೀಳುತ್ತದೆ. ಆದರೆ ನಮ್ಮದು ಒಂದೇ ಸಿಲಿಂಡರಿನ ಕನೆಕ್ಷನ್. ಅದೂ ಅಪ್ಪನ ಹೆಸರಲ್ಲಿ, ಅಪ್ಪ ಹೋಗಿ ನಾಲ್ಕು ವರ್ಷ. ಎರಡನೇ ಸಿಲಿಂಡರ್ ಬೇಕು ಅಂದರೆ ಮೊದಲು ಹೆಸರು ಬದಲಿಸಿ ಅಂದರು. ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಹಳೇ ಗ್ಯಾಸ್ ಪುಸ್ತಕ. ಮೂರು ಸಲ ಓಡಾಡಿದೆ. ಅದರಲ್ಲಿ ಒಂದು ಸಲ ಅಮ್ಮನನ್ನೂ ಕರೆದುಕೊಂಡು ಹೋದೆ, ಬೆರಳಚ್ಚು ಕೊಡೋಕೆ. ತೋಟದ ಕೆಲಸ ಮಾಡಿ ಸವೆದ ಬೆರಳು, ಮಿಷನ್ನು ಏಳು ಸಲ ಒಲ್ಲೆ ಅಂತು. ಅಮ್ಮ ಹೊರಗೆ ಬಂದು "ನಾನು ನಾನೇ ಅಲ್ವಂತೆ ಮಾರಾಯ್ತಿ" ಅಂದಳು. ನಗಬೇಕೋ ಅಳಬೇಕೋ.

ಗೀಸರ್ ಕೊಳ್ಳೋ ಹಂತಕ್ಕೆ ಬಂದಾಗ ಪ್ಲಂಬರ್ ಒಂದು ಪ್ರಶ್ನೆ ಕೇಳಿದ. "ಟ್ಯಾಂಕ್ ಎಷ್ಟು ಮೇಲಿದೆ?" ಗ್ಯಾಸ್ ಗೀಸರ್ ಹೊತ್ತಿಕೊಳ್ಳಬೇಕು ಅಂದರೆ ನೀರು ಒಂದು ಮಟ್ಟದ ಒತ್ತಡದಲ್ಲಿ ಬರಬೇಕು. ನಮ್ಮ ಟ್ಯಾಂಕಿನ ತಳಕ್ಕೂ ಗೀಸರ್ ಕೂರೋ ಜಾಗಕ್ಕೂ ನಾಲ್ಕಡಿ ಅಂತರ ಅಷ್ಟೆ. ಟ್ಯಾಂಕ್ ತುಂಬಿದಾಗ ಹೊತ್ತೀತು, ಅರ್ಧ ಆದ ಮೇಲೆ ಮೈಗೆ ಸೋಪು ಹಚ್ಚಿಕೊಂಡಾಗ ಕೈ ಕೊಟ್ಟೀತು. ಸಣ್ಣ ಪ್ರೆಶರ್ ಪಂಪ್ ಹಾಕಬಹುದು, ಆದರೆ ಅದಕ್ಕೆ ಕರೆಂಟ್ ಬೇಕು. ಕರೆಂಟ್ ಇಲ್ಲದಾಗ ಬೇಕು ಅಂತಲೇ ಅಲ್ವಾ ಗ್ಯಾಸ್ ಕೇಳಿದ್ದು?

ಇನ್ನೊಂದು, ಇದು ಮುಖ್ಯ, ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಹಾಕಬಾರದು. ಬಾಗಿಲು, ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಉರಿದರೆ ಇರೋ ಆಮ್ಲಜನಕ ತಿಂದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಬಿದ್ದು ಸತ್ತ ಸುದ್ದಿ ನೀವೂ ಓದಿರುತ್ತೀರಿ. ಹೊರಗೋಡೆಗೆ ಹಾಕಿ ಪೈಪು ಮಾತ್ರ ಒಳಗೆ ತರಬೇಕು. ನಮ್ಮ ಹೊರಗೋಡೆಗೆ ಮಳೆಗಾಲದಲ್ಲಿ ಪಶ್ಚಿಮದ ಇರಚಲು ಹೊಡೆಯುತ್ತದೆ, ಗಾಳಿಗೆ ಜ್ವಾಲೆ ಆರುತ್ತದೆ. ಅಲ್ಲಿಗೆ ಗ್ಯಾಸ್ ಕಥೆ ಮುಗಿಯಿತು. ಹೆಸರು ಬದಲಾಗಿದ್ದೊಂದೇ ಲಾಭ.

ಅಷ್ಟರಲ್ಲಿ ಎಪ್ರಿಲ್ ಬಂದಿತ್ತು. ಬೇಸಿಗೆಯಾದರೂ ಅಜ್ಜಿಗೆ ಬಿಸಿನೀರು ಬೇಕೇ ಬೇಕು, ಅಡುಗೆ ಗ್ಯಾಸಿನ ಮೇಲೆ ತಪ್ಪಲೆಯಲ್ಲಿ ಕಾಯಿಸಿ ಅಮ್ಮ ಎತ್ತಿಕೊಂಡು ಹೋಗುತ್ತಿದ್ದಳು. ಅವಳ ಸೊಂಟ ನೋಡಲಾಗದೆ ತಮ್ಮ 700 ರೂಪಾಯಿಯ ಒಂದು ಕಾಯಿಲ್ ತಂದ, ಬಕೆಟ್ಟಿಗೆ ಇಳಿಬಿಡೋದು. ಮೂರನೇ ದಿನ ಅಮ್ಮ ನೀರು ಮುಟ್ಟಿ ನೋಡಿದಾಗ ಕೈ ಜುಮ್ ಅಂತು. ಪುಣ್ಯಕ್ಕೆ ರಬ್ಬರ್ ಚಪ್ಪಲಿ ಹಾಕಿದ್ದಳು. ಆ ಕಾಯಿಲನ್ನು ತಮ್ಮ ಅವತ್ತೇ ಮುರಿದು ಎಸೆದ. ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿ ನೋಡಿದರೆ, ಹೊಸ ಮನೆ, ಮೂರು ತಿಂಗಳೂ ಆಗಿಲ್ಲ, ಬಚ್ಚಲ ಪ್ಲಗ್ಗಿಗೆ ಅರ್ಥಿಂಗ್ ವೈರೇ ಕೊಟ್ಟಿಲ್ಲ. ಮೂರನೇ ತೂತು ಸುಮ್ನೆ ಚಂದಕ್ಕೆ. ವೈರಿಂಗ್ ಮಾಡಿದವನಿಗೆ ಫೋನ್ ಮಾಡಿದೆವು, ಎತ್ತಲಿಲ್ಲ.

ಹೊಸದಾಗಿ ಅರ್ಥಿಂಗ್ ಗುಂಡಿ ತೆಗೆಸಿ ಪೈಪು ಇಳಿಸಿ ಇದ್ದಿಲು, ಉಪ್ಪು ಹಾಕಿಸಿದ್ದು 3,600 ರೂಪಾಯಿ. ಬಚ್ಚಲಿಗೆ ಬೇರೆಯೇ ದಪ್ಪ ವೈರು, 16 ಆಂಪಿಯರ್ ಪ್ಲಗ್ಗು, ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಟಪ್ ಅಂತ ಬಿದ್ದುಬಿಡೋ ಸ್ವಿಚ್ಚು, ಎಲ್ಲಾ ಸೇರಿ 4,300. ಹೊಟ್ಟೆ ಉರಿಯಿತು ನಿಜ. ಆದರೆ ಕೈ ಒದ್ದೆ ಮಾಡಿಕೊಂಡು ಅಜ್ಜಿ ಮುಟ್ಟೋ ವಸ್ತು ಅದು.

ಇಷ್ಟಾದ ಮೇಲೆ ಕರೆಂಟ್ ಗೀಸರೇ ಅಂತ ಗಟ್ಟಿಯಾಯ್ತು. ಯಾವ ಗೀಸರ್ ಅನ್ನೋದೇ ಇನ್ನೊಂದು ಅಧ್ಯಾಯ. ಅಂಗಡಿಯಲ್ಲಿ 3 ಲೀಟರಿನ ಇನ್‌ಸ್ಟಂಟ್ ತೋರಿಸಿದರು, ಪುಟ್ಟದು, ಅಗ್ಗ, ಗುಂಡಿ ಒತ್ತಿದ ಕೂಡಲೇ ಬಿಸಿ. ಆದರೆ ಅದು 3 ಕಿಲೋವಾಟ್ ಎಳೆಯುತ್ತದೆ. ನಮಗೆ ಮಂಜೂರಾಗಿದ್ದ ಲೋಡು, ಅಂದರೆ ಮನೆಗೆ ಒಟ್ಟಿಗೆ ಎಳೆಯೋಕೆ ಒಪ್ಪಿಗೆ ಇರೋ ಕರೆಂಟು, 2 ಕಿಲೋವಾಟ್. ಅಷ್ಟೇ ಅಲ್ಲ, ಸಂಜೆ ಹೊತ್ತು ನಮ್ಮೂರಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ವೋಲ್ಟೇಜ್ ಐದರಲ್ಲಿ ಒಂದು ಪಾಲು ಇಳಿದರೆ ಕಾಯಿಲಿನ ಶಕ್ತಿ ಹೆಚ್ಚು ಕಡಿಮೆ ಐದರಲ್ಲಿ ಎರಡು ಪಾಲು ಇಳಿಯುತ್ತದೆ. 2,000 ವಾಟಿನ ಗೀಸರ್ 180 ವೋಲ್ಟಿನಲ್ಲಿ 1,225 ವಾಟ್ ಮಾತ್ರ. ಹರಿಯೋ ನೀರನ್ನು ಹರಿಯುತ್ತಲೇ ಕಾಯಿಸೋ ಇನ್‌ಸ್ಟಂಟ್‌ಗೆ ಇದು ಆಗದ ಮಾತು, ಬೆಚ್ಚಗಿನ ನೀರು ದಾರದ ಹಾಗೆ ಬರುತ್ತದೆ. ಟ್ಯಾಂಕ್ ಇರೋ ಗೀಸರ್ ಆದರೆ ನಿಧಾನ ಆಗುತ್ತದೆ, ಆದರೆ ಕಾಯುತ್ತದೆ. 25 ಲೀಟರಿನದು ತಗೊಂಡೆವು, 2 ಕಿಲೋವಾಟ್, 5 ಸ್ಟಾರ್, 9,800 ರೂಪಾಯಿ. ಸ್ಟಾರ್ ಜಾಸ್ತಿ ಇದ್ದರೆ ಬೇಗ ಕಾಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅದಲ್ಲ, ಕಾದ ನೀರು ಬೇಗ ಆರೋದಿಲ್ಲ ಅಂತ ಅರ್ಥ. 25 ಲೀಟರನ್ನು 60 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿದರೆ ಎರಡು ಬಕೆಟ್ ಧಾರಾಳ. ಒಳ್ಳೆ ವೋಲ್ಟೇಜ್ ಇದ್ದರೆ 35 ನಿಮಿಷ, ಸಂಜೆಯಾದರೆ ಹತ್ತಿರ ಒಂದು ಗಂಟೆ. ಅಮ್ಮ ಈಗ ಬೆಳಿಗ್ಗೆ ಐದೂವರೆಗೆ ಹಾಕುತ್ತಾಳೆ, ಆಗ ವೋಲ್ಟೇಜ್ ಚೆನ್ನಾಗಿರುತ್ತದೆ.

ಹೀಟ್ ಪಂಪ್ ಅಂತ ಇನ್ನೊಂದಿದೆ, ಫ್ರಿಜ್ಜಿನ ಉಲ್ಟಾ ಕೆಲಸ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ ಅಂತ ಸಹೋದ್ಯೋಗಿಯೊಬ್ಬರು ಹೇಳಿ ನನ್ನ ತಲೆ ಕೆಡಿಸಿದ್ದರು. ನಿಜವೇ. ಆದರೆ ಬೆಲೆ ಕೇಳಿ ಫೋನ್ ಇಟ್ಟೆ. ಕೆಟ್ಟರೆ ರಿಪೇರಿಗೆ ಎಲ್ಲಿಂದ ಜನ ಬರಬೇಕು?

ಲೋಡು ಜಾಸ್ತಿ ಮಾಡಿಸೋ ಕೆಲಸ 23 ದಿನ ಹಿಡಿಯಿತು. 2 ಕಿಲೋವಾಟ್ ಗೀಸರ್, ಮೇಲೆ ಪಂಪು, ಮಿಕ್ಸಿ, ಫ್ರಿಜ್ಜು ಅಂದರೆ 3 ಕಿಲೋವಾಟ್ ಬೇಕು. ಅರ್ಜಿ, ಹಳೇ ಬಿಲ್ಲು, ಆಧಾರ್, ಇ-ಸ್ವತ್ತು, ಲೈಸೆನ್ಸ್ ಇರೋ ಕಂಟ್ರಾಕ್ಟರಿನ ಸಹಿ, ಠೇವಣಿ. ಎಲ್ಲಾ ಸರಿ ಇತ್ತು, ಆದರೆ ಆಧಾರಿನಲ್ಲಿ ಅಮ್ಮನ ಹೆಸರಿನ ಮುಂದೆ ಇನಿಷಿಯಲ್ ಇದೆ, ಇ-ಸ್ವತ್ತಿನಲ್ಲಿ ಇಲ್ಲ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ ಕೊಟ್ಟೆವು. ಎರಡು ಸಲ ಸರ್ವರ್ ಇಲ್ಲ, ಒಂದು ಸಲ ಸಂಬಂಧಪಟ್ಟವರು ರಜೆ. ಕಿಲೋವಾಟ್ ಲೆಕ್ಕದಲ್ಲಿ ತಿಂಗಳ ನಿಗದಿ ಶುಲ್ಕವೂ ಏರುತ್ತದೆ, ಅದನ್ನು ಯಾರೂ ಮುಂಚೆ ಹೇಳೋದಿಲ್ಲ.

ಗೃಹಜ್ಯೋತಿ ಇದೆಯಲ್ಲ, ಬಿಲ್ಲೇ ಬರೋದಿಲ್ಲ ಅಂತ ಊರಲ್ಲಿ ಎಲ್ಲರೂ ಅಂದರು. ತಾಳಿ. 200 ಯೂನಿಟ್ ತನಕ ಉಚಿತ ಅನ್ನೋದು ಎಲ್ಲರಿಗೂ ಅಲ್ಲ. 2022-23ರಲ್ಲಿ ನೀವು ಬಳಸಿದ ಸರಾಸರಿಯ ಮೇಲೆ ಶೇಕಡಾ 10, ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಇದ್ದರೆ 10 ಯೂನಿಟ್, ಸೇರಿಸಿ ನಿಮ್ಮ ಮಿತಿ. ಹಳೇ ಲೆಕ್ಕವೇ ಇಲ್ಲದ ನಮ್ಮಂಥ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್, ಅದಕ್ಕೆ ಶೇಕಡಾ 10 ಸೇರಿ 58. ದಿನಕ್ಕೆ ನಾಲ್ಕು ಬಕೆಟ್ ಬಿಸಿನೀರಿಗೇ ತಿಂಗಳಿಗೆ 70 ಯೂನಿಟ್ ಆಗುತ್ತದೆ. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಗೀಸರ್ ಹಾಕಿಸೋ ಮುಂಚೆ ನಿಮ್ಮ ಬಿಲ್ಲಿನಲ್ಲಿ ನಿಮ್ಮ ಮಿತಿ ಎಷ್ಟು ಅಂತ ನೋಡಿಕೊಳ್ಳಿ.

ಮೇ ಕೊನೆಗೆ ಗೀಸರ್ ಕೂತಿತು. ನಲ್ಲಿ ತಿರುಗಿಸಿ ಬಿಸಿನೀರು ಬಂದಾಗ ಅಮ್ಮ ಮಗುವಿನ ಹಾಗೆ ಕೈ ಒಡ್ಡಿಕೊಂಡು ನಿಂತಿದ್ದಳು. ಪ್ಲಂಬರಿಗೆ, ಪೈಪು, ವಾಲ್ವುಗಳಿಗೆ 1,900. ಮುಗೀತು ಅಂದುಕೊಂಡು ನಾನು ಶಿವಮೊಗ್ಗಕ್ಕೆ ಬಂದು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಜೂನ್ ಮೂರನೇ ವಾರ ಮಳೆ ಹಿಡಿಯಿತು. ಒಂದು ವಾರಕ್ಕೆ ಫೋನ್ ಬಂತು. ನೀರು ಬಿಸಿ ಬರುತ್ತಿದೆ, ಅದರ ತಕರಾರಿಲ್ಲ. ಆದರೆ ಬಟ್ಟೆ ಒಣಗುತ್ತಿಲ್ಲ. ಅಜ್ಜಿಯ ಹಾಸಿಗೆ ಥಂಡಿ. ಬಾಗಿಲ ಹಿಂದೆ ಇಟ್ಟ ಚಪ್ಪಲಿಗೆ ಬೂಷ್ಟು. ಅಡಿಕೆ ಚೀಲ ಮುಟ್ಟಿದರೆ ತಣ್ಣಗೆ. ಆವಾಗ ತಲೆಗೆ ಹೋಯಿತು. ಹಳೇ ಮನೆಯಲ್ಲಿ ಬಚ್ಚಲ ಒಲೆ ಅಂದರೆ ಬರೀ ನೀರು ಕಾಯಿಸೋ ವಸ್ತು ಆಗಿರಲಿಲ್ಲ. ಅದರ ಮೇಲಿನ ಗಳಕ್ಕೆ ಬಟ್ಟೆ ಹಾಕುತ್ತಿದ್ದೆವು, ರಾತ್ರಿ ಕಳೆಯೋದರೊಳಗೆ ಹೊಗೆ ವಾಸನೆ ಹೊಡೆದರೂ ಗರಿಗರಿ ಒಣಗಿರುತ್ತಿತ್ತು. ಅಟ್ಟದ ಮೇಲಿನ ಬೀಜ, ಬುಟ್ಟಿ ಹುಳ ಹಿಡಿಯುತ್ತಿರಲಿಲ್ಲ. ಬಚ್ಚಲ ಗೋಡೆಗೆ ಅಂಟಿದ ಕೋಣೆಯಲ್ಲೇ ಅಜ್ಜಿ ಮಲಗುತ್ತಿದ್ದಳು, ಆ ಗೋಡೆ ಬೆಳಗಿನ ಜಾವದ ತನಕ ಬೆಚ್ಚಗೆ. ಸಂಜೆ ತೋಟದಿಂದ ಬಂದವರು ಅಲ್ಲೇ ಕೂತು ಕಾಲು ಕಾಯಿಸಿಕೊಂಡು ಉಂಬಳ, ಅಂದರೆ ಜಿಗಣೆ, ಕಿತ್ತು ಬೆಂಕಿಗೆ ಹಾಕುತ್ತಿದ್ದರು. ಹಂಡೆಯಲ್ಲಿ ನೀರು ಕಾಯುತ್ತಿದ್ದುದು ಅದರ ನಾಲ್ಕನೇ ಕೆಲಸವೋ ಐದನೇ ಕೆಲಸವೋ.

ಇದಕ್ಕೂ ಅಂಗಡಿಯಲ್ಲೇ ಉತ್ತರ ಹುಡುಕಿದೆ, ಬುದ್ಧಿ ಬರಲಿಲ್ಲ. 1,800 ಕೊಟ್ಟು ಗಾಳಿ ಬೀಸೋ ರೂಮ್ ಹೀಟರ್ ತಂದೆ. ಹೆಂಚಿನ ಮಾಡು, ಕೆಳಗೆ ಸೀಲಿಂಗ್ ಇಲ್ಲ. ಬಿಸಿಗಾಳಿ ಏರಿ ಹೆಂಚಿನ ಸಂದಿಯಿಂದ ಆಕಾಶಕ್ಕೆ. ನಾಲ್ಕು ಗಂಟೆ ಹಾಕಿದರೆ 4 ಯೂನಿಟ್ ಸುಟ್ಟು ಮಂಚದ ಹತ್ತಿರದ ಒಂದು ಮೊಳ ಜಾಗ ಮಾತ್ರ ಬೆಚ್ಚಗಾಯ್ತು. ಅಜ್ಜಿ ಎರಡು ದಿನ ನೋಡಿ, "ಕಣ್ಣು ಒಣಗ್ತದೆ, ಇದನ್ನ ನೀನೇ ಇಟ್ಕೋ" ಅಂದಳು. ಅಂಗಡಿಗೆ ವಾಪಸ್ ಕೊಡೋಕೆ ಹೋದರೆ ಬಾಕ್ಸ್ ಎಲ್ಲಿ ಅಂದರು. ಬಾಕ್ಸನ್ನು ಅಮ್ಮ ಹರಿದು ಕೋಳಿಮರಿಗೆ ಹಾಸಿದ್ದಳು.

ಜುಲೈಯಲ್ಲಿ ಮರ ಬಿದ್ದು ಲೈನು ಹರಿದು ನಾಲ್ಕು ದಿನ ಕರೆಂಟಿಲ್ಲ. ಗೀಸರ್ ಗೋಡೆಯ ಮೇಲೆ ಬೆಳ್ಳಗೆ ಕೂತಿತ್ತು. ಮತ್ತೆ ತಪ್ಪಲೆ, ಮತ್ತೆ ಅಡುಗೆ ಗ್ಯಾಸು. ನಾಲ್ಕನೇ ದಿನ ಅಮ್ಮನೇ ಫೋನ್ ಮಾಡಿ, "ಒಂದು ಒಲೆ ಹಾಕ್ಸು ಮಾರಾಯ್ತಿ. ಮನೆ ಒಳಗೆ ಬೇಡ, ಹಿಂದೆ ಹಾಕ್ಸು" ಅಂದಳು.

ಹೊಗೆ ಬಾರದ ಒಲೆ ಅಂದರೆ ನಮ್ಮ ಕಡೆ ಅಸ್ತ್ರ ಒಲೆ ಅಂತಲೇ ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ್ದು. ಗುಟ್ಟು ಇಷ್ಟೇ. ಬೆಂಕಿ ಗೂಡು ಮುಚ್ಚಿರುತ್ತದೆ, ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಕೆಳಗಿಂದ ಗಾಳಿ ಸಿಗುತ್ತದೆ, ಹಂಡೆ ಗೂಡಿನ ಬಾಯಿಗೆ ಸಂದಿಯಿಲ್ಲದೆ ಕೂರುತ್ತದೆ, ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ. ಮೂರು ಕಲ್ಲಿನ ಒಲೆಯ ಹಾಗೆ ಅರ್ಧ ಬೆಂಕಿ ಗಾಳಿಗೆ ಹೋಗೋದಿಲ್ಲ. ಒಲೆ ಹಾಕುವ ಒಬ್ಬರನ್ನು ಹುಡುಕೋಕೆ ಎರಡು ವಾರ ಹಿಡಿಯಿತು, ಈಗ ಈ ಕೆಲಸ ಗೊತ್ತಿರೋರು ಕಮ್ಮಿ. ಮನೆ ಹಿಂದೆ ಒಂದು ಸಣ್ಣ ತಗಡಿನ ಮಾಡು ಇಳಿಸಿದ್ದೆವು ಮೊದಲೇ, ಸೌದೆಗೆ ಅಂತ. ಅದರ ಕೆಳಗೆ, ಅಜ್ಜಿಯ ಕೋಣೆಯ ಹೊರಗೋಡೆಗೆ ಬೆನ್ನು ಕೊಟ್ಟು ಒಲೆ ಹಾಕಿಸಿದೆವು. ಈ ಯೋಚನೆ ನಮ್ಮದಲ್ಲ, ಒಲೆ ಹಾಕಿದ ಹಿರಿಯರದ್ದು. "ಗೋಡೆ ಜಂಬಿಟ್ಟಿಗೆ ಅಲ್ಲೇನಮ್ಮಾ, ಶಾಖ ಹಿಡ್ಕೊಳ್ತದೆ, ಸುಮ್ನೆ ಯಾಕೆ ಹಾಳು ಮಾಡ್ತೀರಿ" ಅಂದರು.

ಮೊದಲ ದಿನ ಹೊತ್ತಿಸಿದರೆ ಹೊಗೆಯೆಲ್ಲ ವಾಪಸ್ ಬಂದು ಅಮ್ಮನ ಕಿಟಕಿಗೇ ನುಗ್ಗಿತು. ಕೊಳವೆ ಮನೆ ಮಾಡಿಗಿಂತ ಗಿಡ್ಡ ಇತ್ತು, ಗಾಳಿ ಮಾಡಿನ ಮೇಲಿಂದ ಉರುಳಿ ಬಂದು ಹೊಗೆಯನ್ನು ಕೆಳಕ್ಕೆ ಒತ್ತುತ್ತಿತ್ತು. ಇನ್ನೊಂದು ಸಿಮೆಂಟ್ ಪೈಪು ಜೋಡಿಸಿ ಮಾಡಿನ ನೆತ್ತಿಗಿಂತ ಎರಡಡಿ ಮೇಲೆ ಮಾಡಿ, ಮಳೆ ಬೀಳದ ಹಾಗೆ ಟೋಪಿ ಇಟ್ಟ ಮೇಲೆ ಸರಿಯಾಯ್ತು. ಒಲೆಗೆ 8,200, ಪೈಪಿಗೆ 2,100. ಹಂಡೆ ಹಳೇ ಮನೆಯದೇ, ಚಿಕ್ಕಪ್ಪನ ಹತ್ತಿರ ಕೇಳಿ ತಂದೆವು. ಅವರ ಮನೆಯಲ್ಲಿ ಅದರಲ್ಲಿ ಆಂಥೂರಿಯಂ ಗಿಡ ನೆಟ್ಟಿದ್ದರು. ಗಿಡಕ್ಕೆ ಬದಲಿಗೆ ಕುಂಡ ಕೊಡಿಸಬೇಕಾಯ್ತು, 350 ರೂಪಾಯಿ.

ಗೀಸರ್, ಅರ್ಥಿಂಗ್, ವೈರಿಂಗ್, ಪ್ಲಂಬಿಂಗ್, ಒಲೆ, ಪೈಪು ಸೇರಿ 29,900. ಲೋಡಿನ ಠೇವಣಿ, ಪೆಟ್ರೋಲು, ಜೆರಾಕ್ಸು, ಮುರಿದ ಕಾಯಿಲು, ಯಾರಿಗೂ ಬೇಡವಾದ ಹೀಟರು, ಕುಂಡ ಬೇರೆ. ಸೌದೆಗೆ ಖರ್ಚಿಲ್ಲ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಣಗಿದ ಸೋಗೆ ತೋಟದಲ್ಲೇ ಬೇಕಾದಷ್ಟು. ಆದರೆ ಅದನ್ನು ಮೇ ತಿಂಗಳಲ್ಲೇ ಒಳಗೆ ಹಾಕಿಕೊಳ್ಳಬೇಕು. ಈ ವರ್ಷ ನಾವು ಹಾಕಿಕೊಂಡಿರಲಿಲ್ಲ, ಒಲೆಯೇ ಇಲ್ಲ ಅಂತ. ಪಕ್ಕದ ಮನೆಯವರ ಹತ್ತಿರ ಎರಡು ಗಾಡಿ ಸಾಲ ತಂದಿದ್ದೇವೆ.

ಈಗ ಬೆಳಿಗ್ಗೆ ಗೀಸರ್, ಸಂಜೆ ಒಲೆ. ಒಲೆ ಹೊತ್ತಿಸೋದು ತಮ್ಮನ ಕೆಲಸ, ಅಮ್ಮ ಆ ಕಡೆ ಹೋಗಬಾರದು ಅಂತ ಕಟ್ಟಪ್ಪಣೆ. ಹೋಗುತ್ತಾಳೆ, ನಮಗೆ ಗೊತ್ತಿದೆ. ಗಳ ಕಟ್ಟಿದ್ದಾರೆ, ಬಟ್ಟೆ ಒಣಗುತ್ತಿದೆ. ಹೋದ ಭಾನುವಾರ ಹೋದಾಗ ನೋಡಿದರೆ ಅಜ್ಜಿಯ ಮಂಚ ಕಿಟಕಿ ಪಕ್ಕದಿಂದ ಗೋಡೆ ಪಕ್ಕಕ್ಕೆ ಬಂದಿದೆ. ಯಾರು ಎಳೆದರು ಅಂತ ಕೇಳಿದರೆ ಯಾರೂ ಒಪ್ಪಲಿಲ್ಲ.